ಕತ್ತಿನ ಲಟಿಕೆ

"ಮೀಸೆ ಮುಟ್ಬೇಡ. ಗಡ್ಡ ಅಷ್ಟೇ, ಬೇಗ," ಎನ್ನುತ್ತ ಬಸ್ ಡ್ರೈವರ್ ಕ್ಷೌರದ ಕುರ್ಚಿಯಲ್ಲಿ ಕೂತ. ಹೊರಗೆ ಟ್ಯಾಕ್ಸಿಯಲ್ಲಿ ಮಗಳು ಬಟ್ಟೆಯ ಚೀಲ ಹಿಡಿದು ಕಾಯುತ್ತಿದ್ದಳು.

"ಎಲ್ಲಿಗಣ್ಣಾ ಸವಾರಿ?"

"ನಾಲ್ಕು ದಿನ ಮಗಳ ಮನೆಗೆ."

ಹಸಿ ಸುಳ್ಳು. ಹೊರಟಿದ್ದು ಆಸ್ಪತ್ರೆಗೆ. ಮೊನ್ನೆ ಎಡಗಣ್ಣಿಗೆ ಪರದೆ ಇಳಿದ ಹಾಗೆ ಕತ್ತಲಾಗಿ, ತಾನಾಗಿಯೇ ಸರಿಹೋಗಿತ್ತು. ಮಗಳು ಬಿಡದೆ ಇವತ್ತು ಬೆಳಿಗ್ಗೆ ತಪಾಸಣೆಗೆ ಎಳೆದೊಯ್ದಿದ್ದಳು. ಕಣ್ಣು ಚೆನ್ನಾಗಿತ್ತು, ಕೆಟ್ಟಿದ್ದು ಮೆದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ. ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿತ್ತು. "ಒಂದು ಚೂರು ಕಿತ್ತು ಮೇಲೆ ಹೋದ್ರೂ ಪಾರ್ಶ್ವವಾಯು. ಇವತ್ತೇ ಸೇರಿ, ಆಪರೇಷನ್ ಮಾಡೋಣ. ಕತ್ತು ಒತ್ತಿಸ್ಕೋಬೇಡಿ, ತಿರುಚಿಸ್ಕೋಬೇಡಿ," ಎಂದಿದ್ದರು ಡಾಕ್ಟರು. ಗಡ್ಡ ಬಿಟ್ಟುಕೊಂಡು ಭಿಕಾರಿಯ ಹಾಗೆ ಬರಲಾರೆನೆಂದು ಇವನೇ ಹಟ ಹಿಡಿದು ಟ್ಯಾಕ್ಸಿ ನಿಲ್ಲಿಸಿದ್ದ.

ಕ್ಷೌರಿಕನಿಗೆ ನಿಜ ಹೇಳಬಹುದಿತ್ತು. ಆದರೆ ಅವನ ಬಾಯಿಗೆ ಬೀಗವಿಲ್ಲ, ಎದುರಿಗೇ ಬಸ್ ಡಿಪೋ. ಕಣ್ಣು ಕತ್ತಲಾದವನ ಕೈಗೆ ಯಾರು ಬಸ್ಸು ಕೊಟ್ಟಾರು? ಸ್ಟೇರಿಂಗ್ ಬಿಟ್ಟರೆ ಇವನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಗುಟ್ಟಾಗಿ ಆಪರೇಷನ್ ಮುಗಿಸಿ ಡ್ಯೂಟಿಗೆ ಮರಳುವ ಆಸೆ.

ಗಡ್ಡ ಮುಗಿಯಿತು. ಬಿಸಿ ಟವೆಲ್ಲಿನ ಸುಖಕ್ಕೆ ಕಣ್ಣು ಮುಚ್ಚಿದ. ಆಗಲೇ ಎದ್ದುಬಿಡಬೇಕಿತ್ತು. ಹಳೇ ಗಿರಾಕಿಗಳಿಗೆ ಕ್ಷೌರಿಕ ಕೊನೆಗೊಂದು ಪುಕ್ಕಟೆ ಸೇವೆ ಮಾಡುತ್ತಿದ್ದ. ಹೆಬ್ಬೆರಳಿನಿಂದ ಕತ್ತಿನ ಎರಡೂ ಬದಿ ಒತ್ತಿ ತಿಕ್ಕಿ, ಗದ್ದ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಲಟಿಕೆ ಮುರಿಯುವುದು.

"ಕತ್ತು ಕಲ್ಲಾಗ್ಬಿಟ್ಟಿದೆಯಲ್ಲಣ್ಣಾ."

"ಬೇಡ, ಇವತ್ತು ಬೇಡ..."

"ಸುಮ್ನಿರು. ನಿನ್ನ ಹತ್ರ ಕಾಸು ಕೇಳಿದ್ನಾ?"

ಎರಡನೇ ಲಟಿಕೆಗೆ ಡ್ರೈವರನ ಬಲಗೈ ಕುರ್ಚಿಯಿಂದ ಜಾರಿ ಜೋತುಬಿತ್ತು. ಕನ್ನಡಿಯೊಳಗೆ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು.

"ತಮಾಷೆ ಸಾಕು, ಏಳಣ್ಣಾ," ಎಂದ ಕ್ಷೌರಿಕ. ಮರುಗಳಿಗೆಯೇ ಬೀದಿಗೆ ಓಡಿ ಮಗಳನ್ನು ಕೂಗಿದ.

"ಕತ್ತು ಮುಟ್ಟಿದ್ರಾ ಮಾಮ? ಮುಟ್ಟಬಾರ್ದು ಅಂತ ಡಾಕ್ಟರು ಅಂದಿದ್ರಲ್ಲ, ಅಪ್ಪ ಹೇಳ್ಲಿಲ್ವಾ?"

ಅಪ್ಪ ಈಗ ಹೇಳಲು ಹೆಣಗುತ್ತಿದ್ದ. "ಬೇ... ಬೇ..." ಎಂಬುದರಾಚೆ ನಾಲಿಗೆ ಹೊರಳಲಿಲ್ಲ.

ಕ್ಷೌರಿಕ ನೆಲಕ್ಕೆ ಕುಸಿದು ಆ ಸತ್ತ ಕೈ ಹಿಡಿದುಕೊಂಡ. "ನಂಗೊಂದು ಮಾತು ಹೇಳಿದ್ರೆ, ನಾನು ಯಾರಿಗೆ ಹೇಳ್ತಿದ್ದೆ ಅಣ್ಣಾ?"

ಬಾಗಿಲಲ್ಲಿ ಆಗಲೇ ಡಿಪೋದ ಮಂದಿ ಇಣುಕುತ್ತಿದ್ದರು.