ಹೊಸ ಕುದುರೆಗೆ ಹಳೆಯ ಬ್ರಷ್

“ಕಚ್ಚುತ್ತಾ?” ಎಂದು ಅಂಗಡಿಯಾಕೆ ಕೇಳಿದಳು.

ಗುಮಾಸ್ತ ಕೈಯಲ್ಲಿದ್ದ ಬ್ರಷ್ಷನ್ನು ತಿರುಗಿಸಿ ನೋಡಿದ. ಹೌದು ಎಂದರೆ ಎಲ್ಲಿ ಕಚ್ಚಿತೆಂದು ಕೇಳುತ್ತಾಳೆ. ಇಲ್ಲ ಎಂದರೆ ಅದೆಂಥ ಕುದುರೆ ಎನ್ನುತ್ತಾಳೆ.

“ಆಗಾಗ,” ಎಂದ.

ಅವನ ಹತ್ತಿರ ಕುದುರೆ ಇರಲಿಲ್ಲ. ಇದ್ದದ್ದು ಒಂದು ಬಾಯಿ. ಅದು ಹೋದ ವಾರ ಜಾರಿತ್ತು.

ಆಫೀಸಿನಲ್ಲಿ ಊಟದ ಹೊತ್ತಿಗೆ ಮ್ಯಾನೇಜರು ಮತ್ತು ಅವರ ಸರೀಕರು ಕಿಟಕಿಯ ಪಕ್ಕ ಕೂರುತ್ತಿದ್ದರು. ಅಲ್ಲಿ ಕುದುರೆ ಬಿಟ್ಟರೆ ಬೇರೆ ಮಾತಿಲ್ಲ. ಒಬ್ಬರದು ಮುಗ್ಗರಿಸಿತು, ಇನ್ನೊಬ್ಬರದು ಮೇವು ಮುಟ್ಟಲಿಲ್ಲ. ಉಳಿದವರು ಅದಕ್ಕೆ ಕುದುರೆ ಮೇಜು ಎಂದು ಹೆಸರಿಟ್ಟಿದ್ದರು. ಈಗ ವಿಭಾಗದ ಮುಖ್ಯಸ್ಥರ ಜಾಗ ಖಾಲಿ ಬಿದ್ದಿತ್ತು. ಆ ಮೇಜಿನಲ್ಲಿ ಉಣ್ಣದವನಿಗೆ ಅಂಥ ಜಾಗ ಸಿಕ್ಕಿದ ಉದಾಹರಣೆ ಇರಲಿಲ್ಲ. ಗುಮಾಸ್ತ ನೀರಿನ ಜಗ್ಗು ಇಡುವ ನೆಪದಲ್ಲಿ ಹತ್ತಿರ ಹೋಗಿ, “ನಾನೂ ಒಂದು ತಗೊಂಡೆ ಸಾರ್,” ಎಂದುಬಿಟ್ಟ.

ಮ್ಯಾನೇಜರು ಪಕ್ಕದಲ್ಲೇ ಕೂರಿಸಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

“ನಮ್ಮ ಸಾರ್ ಒಂದ್ಸಲ ನೋಡಿದ್ರೆ ಸಾಕು ಕಣ್ರೀ, ಕುದುರೆ ಜಾತಕಾನೇ ಹೇಳಿಬಿಡ್ತಾರೆ,” ಎಂದ ಲೆಕ್ಕಪತ್ರದ ಅಧಿಕಾರಿ. “ಮನೆಗೆ ಕರೀರಿ.”

ಮ್ಯಾನೇಜರು ಒಂದು ಲೋಟ ನೀರನ್ನು ಪೂರ್ತಿ ಕುಡಿದು ಮುಗಿಸಿ, “ಮುಂದಿನ ಭಾನುವಾರ ಬರೋಣ,” ಎಂದರು.

ಮನೆಯಲ್ಲಿ ಹೆಂಡತಿ ತಲೆ ಚಚ್ಚಿಕೊಂಡಳು. “ರೀ, ಬಟ್ಟೆ ಒಣಹಾಕೋಕೆ ಜಾಗ ಇಲ್ಲ ಇಲ್ಲಿ. ಕುದುರೇನ ಎಲ್ಲಿ ಕಟ್ತೀರ, ನಿಮ್ಮಮ್ಮನ ರೂಮಲ್ಲಾ?”

“ನನ್ನ ರೂಮಿಗೆ ಯಾಕಮ್ಮ, ನಿಮ್ಮ ರೂಮೇ ದೊಡ್ಡದು,” ಎಂದು ಒಳಗಿನಿಂದ ಅತ್ತೆಯ ಧ್ವನಿ ಬಂತು.

ಹಾಗಾಗಿ ಗುಮಾಸ್ತ ಈ ಅಂಗಡಿ ಹುಡುಕಿಕೊಂಡು ಬಂದಿದ್ದ. ಮುಂದುಗಡೆ ಹಕ್ಕಿಗಳ ಪಂಜರ, ನಾಯಿಯ ಬೆಲ್ಟು, ಮೀನಿನ ಆಹಾರ. ಹಿಂದಿನ ಮೂಲೆಯಲ್ಲಿ ಲಗಾಮು, ತೊಗಲಿನ ಪಟ್ಟಿ, ಹುಲ್ಲಿನ ಕಂತೆ. ಕುದುರೆ ಇಲ್ಲದಿದ್ದರೂ ಮೈಗೆ ಕುದುರೆಯ ವಾಸನೆಯಾದರೂ ಇರಲಿ ಎಂಬುದು ಅವನ ಲೆಕ್ಕ.

ಅಂಗಡಿಯಾಕೆ ಅವನ ಕೊರಳಲ್ಲಿ ನೇತಾಡುತ್ತಿದ್ದ ಆಫೀಸಿನ ಗುರುತಿನ ಚೀಟಿಯನ್ನು ಕನ್ನಡಕದ ಮೇಲಿನಿಂದ ನೋಡಿದಳು. ಅವನು ಕೈಗೆತ್ತಿಕೊಂಡಿದ್ದ ಹೊಸ ಬ್ರಷ್ಷನ್ನು ಮೆಲ್ಲಗೆ ಕಸಿದು ಒಳಗಿಟ್ಟಳು.

“ಇದು ಬೇಡ ಸಾರ್. ಹಳೇದು ತಗೊಳ್ಳಿ, ಕೂದಲು ಸಿಕ್ಕಿಕೊಂಡಿರೋದು. ಹುಲ್ಲು ಜಾಸ್ತಿ ಬೇಡ, ಬಾಗಿಲ ಮುಂದೆ ಚೆಲ್ಲೋಕೆ ಆಗೋಷ್ಟಿದ್ರೆ ಸಾಕು. ಮೊದಲ ವಾರ ಸ್ವಲ್ಪ ಕುಂಟ್ತಾ ನಡೀಬೇಕಾಗತ್ತೆ. ಕಚ್ಚಿದ ಗಾಯ ಅಂತ ಕೈಗೂ ಒಂದು ಬಟ್ಟೆ ಪಟ್ಟಿ ಬೀಳತ್ತೆ, ಹೆಬ್ಬೆರಳ ಬುಡಕ್ಕೆ.”

ಎಷ್ಟು ಅನುಭವಸ್ಥಳು ಎಂದುಕೊಂಡ ಗುಮಾಸ್ತ. ಇಂಥವಳಿಗೆ ಸುಳ್ಳು ಹೇಳಿದೆನಲ್ಲ ಎಂದು ದಾರಿಯುದ್ದಕ್ಕೂ ಪೇಚಾಡಿದ.

ಸೋಮವಾರ ಕೋಟಿನ ತೋಳಿಗೆ ಕಂದು ಕೂದಲು ಮೆತ್ತಿಕೊಂಡು, ತುಸುವೇ ಕುಂಟುತ್ತ ಆಫೀಸಿಗೆ ಹೋದ. ಸುಳ್ಳಿಗೂ ಒಂದು ಮಿತಿ ಇರಬೇಕೆಂದು ಚಿಕ್ಕ ಪಟ್ಟಿಯನ್ನೇ ಕಟ್ಟಿಕೊಂಡಿದ್ದ.

ಮ್ಯಾನೇಜರು ಅದನ್ನು ಬಹಳ ಹೊತ್ತು ನೋಡಿದರು. “ಹೆಬ್ಬೆರಳ ಬುಡಕ್ಕಾ? ನಂದೂ ಮೊದಲ ವಾರ ಅಲ್ಲೇ ಕಚ್ಚಿದ್ದು.”

ಲೆಕ್ಕಪತ್ರದ ಅಧಿಕಾರಿಯೂ ತನ್ನ ಹೆಬ್ಬೆರಳು ಸವರಿಕೊಂಡ. “ಅದೇ ಜಾಗ ಸಾರ್. ಕುದುರೆ ಬುದ್ಧಿ.”

ಮೇಜಿನ ಸುತ್ತ ಎಲ್ಲರೂ ತಲೆದೂಗಿದರು. ಗುಮಾಸ್ತ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಕೆಳಗೆ ಇಳಿಸಿದ. ಇಷ್ಟು ತಿಳಿದವರು ಮನೆ ಬಾಗಿಲಿಗೆ ಬಂದು ನಿಂತರೆ ತನ್ನ ಗತಿಯೇನು? ಬಡ್ತಿ ಹಾಗಿರಲಿ, ಆಮೇಲೆ ಆಫೀಸಿನಲ್ಲಿ ತಲೆ ಎತ್ತುವುದು ಹೇಗೆ?

ಶನಿವಾರ ಸಂಜೆ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಓಡಿಬಂದ. ಕುಂಟುವುದನ್ನೂ ಮರೆತಿದ್ದ.

“ಅಮ್ಮಾ, ನನ್ನ ಹತ್ರ ಕುದುರೆ ಇಲ್ಲ. ನಿಮಗೆ ಸುಳ್ಳು ಹೇಳಿದೆ. ನಾಳೆ ಒಂದು ದಿನದ ಮಟ್ಟಿಗೆ ಯಾರ ಹತ್ರಾನಾದ್ರೂ ಒಂದು ಕೊಡಿಸಿ, ದಮ್ಮಯ್ಯ.”

ಆಕೆ ಪಂಜರದ ಮೇಲೆ ಬಟ್ಟೆ ಹೊದಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. “ಎಲ್ಲಿಂದ ತರ್ಲಿ ಸಾರ್? ಈ ಊರಲ್ಲಿ ಕುದುರೆ ಅನ್ನೋದನ್ನ ನಾನು ನೋಡೇ ಎಷ್ಟೋ ವರ್ಷ ಆಯ್ತು.”

“ಮತ್ತೆ ಈ ಸಾಮಾನೆಲ್ಲ ಯಾರು ತಗೊಳ್ತಾರೆ?”

“ನಿಮ್ಮ ಆಫೀಸಿನವರೇ. ಇನ್ಯಾರು?”

ಗುಮಾಸ್ತ ಹುಲ್ಲಿನ ಕಂತೆಯ ಮೇಲೆ ಕುಸಿದು ಕೂತ.

“ಈಗ್ತಾನೆ ನಿಮ್ಮ ಮ್ಯಾನೇಜರು ಬಂದು ಹೋದ್ರು,” ಎಂದಳು ಅಂಗಡಿಯಾಕೆ. “ನಾಳೆ ಯಾರದೋ ಮನೇಲಿ ನಿಜವಾದ ಕುದುರೆ ಇದೆಯಂತೆ, ಹೋಗಿ ನೋಡಲೇಬೇಕಂತೆ. ಪಾಪ, ಅದರ ಹತ್ರ ಹೋಗದೆ ತಪ್ಪಿಸಿಕೊಳ್ಳೋದು ಹೇಗೆ ಅಂತ ಕೇಳಿದ್ರು.”