ಎಡಗೈ ಪಾಠ

“ಪಿಕ್ ಇಲ್ಲಿ ಕೊಡಿ ಸರ್. ಬಲಗೈ ಜೇಬಲ್ಲಿ ಇಟ್ಕೊಳ್ಳಿ,” ಎಂದಳು ಗಿಟಾರ್ ಟೀಚರ್.

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಬೆಪ್ಪಾದ. ಐವತ್ತಾರನೆಯ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ, ತನ್ನ ಅರ್ಧ ವಯಸ್ಸಿನವಳ ಕೈಲಿ ಬೈಸಿಕೊಳ್ಳುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಆದರೆ ತಂತಿ ಮೀಟುವ ಪಿಕ್ ಕೊಟ್ಟು, ಮೀಟುವ ಕೈಯನ್ನೂ ಜೇಬಿಗಿಳಿಸಿದರೆ ನುಡಿಸುವುದಾದರೂ ಹೇಗೆ?

“ತಮಾಷೆ ಮಾಡ್ತಿದೀರಾ ಮೇಡಂ?”

“ಲೆಗಾಟೊ ಅಂದ್ರೆ ಇದೇ ಸರ್. ಎಡಗೈ ಬೆರಳಿಂದ ತಂತೀನ ಬಡೀರಿ, ಒಂದು ಸ್ವರ. ಅದೇ ಬೆರಳಲ್ಲಿ ಒಂಚೂರು ಕೆಳಗೆಳೆದು ಬಿಡಿ, ಇನ್ನೊಂದು ಸ್ವರ. ಮೀಟೋ ಕೆಲಸಾನೇ ಇಲ್ಲ.”

ಮೊದಮೊದಲು ಟಪ್ ಟಪ್ ಎಂದಿತಷ್ಟೆ. ಅರ್ಧ ಗಂಟೆ ಬೆವರಿಳಿಸಿದ ಮೇಲೆ ಮೂರು ಸ್ವರಗಳು ಎಲ್ಲೂ ಕಡಿಯದೆ ಒಂದರ ಹಿಂದೊಂದು ಹೊರಟವು. ಅವನಿಗೆ ಖುಷಿಯಾಗಬೇಕಿತ್ತು. ಬದಲಿಗೆ ಜೇಬಿನಲ್ಲಿದ್ದ ಬಲಗೈಯತ್ತ ನೋಡಿದ.

“ಹಾಗಾದ್ರೆ ಬಲಗೈ ಬೇಡವೇ ಬೇಡ್ವಾ?”

“ಟ್ಯಾಪಿಂಗ್ ಮಾಡೋಕೆ ಬೇಕು. ಬಲಗೈನೂ ಇಲ್ಲಿಗೇ ತಂದು ತಂತಿ ಮೇಲೆ ಬಡಿಯೋದು. ಅದಕ್ಕೂ ಒಂದೇ ಬೆರಳು ಸಾಕು.”

“ಉಂಗುರದ ಬೆರಳಾದ್ರೂ ನಡೆಯುತ್ತಾ?”

“ಯಾವುದಾದ್ರೂ ಸರಿ. ಯಾಕೆ ಸರ್?”

ಬೈಂಡರ್ ಗಿಟಾರನ್ನು ಹೆಗಲಿಂದಿಳಿಸಿದ. ಇಪ್ಪತ್ತೆರಡು ವರ್ಷದ ಹಿಂದೆ ಅವನ ಬೈಂಡಿಂಗ್ ಅಂಗಡಿಯ ಕಾಗದ ಕತ್ತರಿಸುವ ಯಂತ್ರ ತಮ್ಮನ ಬಲಗೈಯಲ್ಲಿ ಉಂಗುರದ ಬೆರಳು, ಕಿರುಬೆರಳು ಎರಡನ್ನಷ್ಟೇ ಉಳಿಸಿತ್ತು. ತಮ್ಮನು ಆಗ ಒಂದು ವಾದ್ಯವೃಂದದ ಲೀಡ್ ಗಿಟಾರಿಸ್ಟ್. ಅವನು ಆಸ್ಪತ್ರೆಯಲ್ಲಿದ್ದಾಗಲೇ ಅಣ್ಣ ಗಿಟಾರು, ಆಂಪ್ಲಿಫೈಯರು, ಸ್ವರ ಬರೆದ ಪುಸ್ತಕಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. ಕಣ್ಣಿಗೆ ಬಿದ್ದರೆ ತಾನೇ ಸಂಕಟ! ತಮ್ಮನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೆಂಟರೆಲ್ಲ ಅವನೆದುರಿಗೇ, ಅಣ್ಣ ಅಂದರೆ ಹೀಗಿರಬೇಕು ಎಂದು ಕೊಂಡಾಡಿದರು. ತಮ್ಮನು ಗಿಟಾರ್ ಇರುತ್ತಿದ್ದ ಖಾಲಿ ಮೂಲೆಯನ್ನೊಮ್ಮೆ ನೋಡಿ, ಏನೂ ಕೇಳದೆ ಮಲಗಲು ಹೋದ. ಅಂದಿನಿಂದ ಅಂಗಡಿಯಲ್ಲಿ ಎಡಗೈಯಲ್ಲೇ ಹಾಳೆ ಮಡಚುತ್ತಿದ್ದಾನೆ. ಅವನಿಗೆ ನೋವಾದೀತೆಂದೇ ಬೈಂಡರ್ ಈ ಕಲಿಕೆಯನ್ನೂ ಗುಟ್ಟಾಗಿಟ್ಟು, ಗಿಟಾರನ್ನು ಟೀಚರ್ ಮನೆಯಲ್ಲೇ ಬಿಟ್ಟು ಬರುತ್ತಿದ್ದ.

ಇವತ್ತು ಬಿಡಲಿಲ್ಲ. ಹೊತ್ತುಕೊಂಡು ನೆಟ್ಟಗೆ ಅಂಗಡಿಗೆ ಬಂದ.

“ಇದ್ಯಾರದ್ದು ಅಣ್ಣ?”

“ನಂದೇ ಕಣೋ. ಆರು ತಿಂಗಳಿಂದ ಕಲೀತಿದೀನಿ, ಬೈಯ್ಬೇಡ. ಕೇಳಿಲ್ಲಿ, ಎಡಗೈ ಒಂದಿದ್ರೆ ಸಾಕಂತೆ! ಬಲಗೈಯಲ್ಲಿ ಒಂದು ಬೆರಳಿದ್ರೂ ಧಾರಾಳವಾಯ್ತಂತೆ!” ಅವನ ಮಾತು ತೊದಲುತ್ತಿತ್ತು.

ತಮ್ಮನು ಕೈಗಂಟಿದ ಅಂಟನ್ನು ಬಟ್ಟೆಗೆ ಒರೆಸಿಕೊಂಡ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಿರಡೆಗಳನ್ನು ತಿರುಚಿ ಶ್ರುತಿ ಸರಿಮಾಡಿದ. ಆಮೇಲೆ ಎಡಗೈ ತಾನಾಗಿಯೇ ಓಡಿತು. ಆಂಪ್ಲಿಫೈಯರ್ ಇಲ್ಲದ ಸಣ್ಣ ದನಿ, ಆದರೂ ಒಂದು ಸ್ವರವೂ ತಪ್ಪಲಿಲ್ಲ. ನಡುವೆ ಬಲಗೈಯ ಉಂಗುರದ ಬೆರಳು ಬಂದು ಸರಿಯಾದ ಜಾಗದಲ್ಲೇ ಬಡಿಯಿತು. ಟೀಚರ್ ಇನ್ನೂ ತೋರಿಸಿಯೇ ಇರದ ಪಾಠವದು. ಎರಡು ನಿಮಿಷದಲ್ಲಿ ಬೆರಳುಗಳು ಸೆಟೆದುಕೊಂಡು ನಿಂತವು. ತಮ್ಮನು ಗಿಟಾರನ್ನು ಹಾಳೆಗಳ ಕಟ್ಟಿನ ಮೇಲೆ ಮೆಲ್ಲಗೆ ಮಲಗಿಸಿದ.

“ನಿಂಗೆ ಮೊದ್ಲೇ ಗೊತ್ತಿತ್ತಾ?” ಬೈಂಡರ್ ಕೇಳಿದ.

ತಮ್ಮ ಮತ್ತೆ ಹಾಳೆ ಮಡಚತೊಡಗಿದ.

“ಆಸ್ಪತ್ರೇಲಿ ಮಂಚದ ಕಂಬಿ ಮೇಲೆ ದಿನಾ ಇದೇ ಪ್ರಾಕ್ಟೀಸ್ ಮಾಡ್ತಿದ್ದೆ ಅಣ್ಣ. ಮನೆಗೆ ಬಂದ ತಕ್ಷಣ ನಿಂಗೇ ಮೊದ್ಲು ನುಡಿಸಿ ತೋರಿಸ್ಬೇಕು ಅಂತ.”