ಹದಿನೇಳನೇ ಬಳ್ಳಿ

"ಬೇಡ ತಾತ, ಕುಟ್ಟಬೇಡಿ!"

ಫಾಂಗ್ ಪಾವ್‌ಲಿನ್ ಎತ್ತಿದ ಕೊಡತಿ ಹಾಗೇ ನಿಂತಿತು. ಅಂಗಳಕ್ಕೆ ಓಡಿಬಂದವಳು ನಿಂಗ್ ಸೂವೆನ್. ಹೋದ ಆಗಸ್ಟಿನಲ್ಲಿ ಕಣಿವೆಯ ಕಾಡು ಕಿವಿ ಹಣ್ಣಿನ ಬಳ್ಳಿಗಳಿಗೆಲ್ಲ ನಂಬರಿನ ಚೀಟಿ ಕಟ್ಟಿ, ಒಂದೊಂದರಿಂದ ಎರಡೆರಡು ಎಲೆ ಕಿತ್ತುಕೊಂಡು ಹೋಗಿದ್ದ ವಿಶ್ವವಿದ್ಯಾಲಯದ ಹುಡುಗಿ. ಈಗ ಮೊಣಕಾಲುದ್ದ ಕೆಸರು, ಮುಖದಲ್ಲಿ ರಕ್ತವಿಲ್ಲ.

"ಹದಿನೇಳನೇ ನಂಬರಿನ ಬಳ್ಳಿ ಎಲ್ಲಿ? ಹಳ್ಳದ ಮೇಲೆ ಇದ್ದದ್ದು? ಅಲ್ಲೀಗ ಬರೀ ಗುಂಡಿ ಇದೆ!"

"ಅದಾ? ಬುಡಸಮೇತ ಕಿತ್ತೆ," ಎಂದ ಮುದುಕ, ಹೆಮ್ಮೆಯಿಂದಲೇ. ಕಾಗದ ಮಾಡುವ ಮನೆತನ ಅವನದು. ಈ ಬಳ್ಳಿಯನ್ನು ಕುಟ್ಟಿ ನೆನೆಸಿದ ಲೋಳೆ ಕಾಗದದ ತಿರುಳಿನ ತೊಟ್ಟಿಗೆ ಬೀಳದಿದ್ದರೆ ಹಸಿ ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. "ಐವತ್ತು ವರ್ಷದಿಂದ ನೋಡ್ತಿದೀನಿ, ಬರೀ ಹೂವಿನ ಶೋಕಿ, ಒಂದು ಕಾಯಿ ಬಿಟ್ಟದ್ದಿಲ್ಲ. ಕಾಯಿ ಬಿಡೋದರ ಕೊಂಬೆ ಮಾತ್ರ ಸವರು, ಬಿಡದ್ದನ್ನ ಬೇರುಸಹಿತ ಕೀಳು ಅಂತ ನಮ್ಮಜ್ಜ ಹೇಳಿಕೊಟ್ಟದ್ದು. ಇದರ ಲೋಳೆ ಚೆನ್ನ ಅಂತ ಇಷ್ಟು ದಿನ ಬಿಟ್ಟಿದ್ದೆ. ಈಗೀಗ ಕಾಡಲ್ಲಿ ಹಣ್ಣೇ ಕಮ್ಮಿ ಆಗೋಯ್ತು. ಅದಕ್ಕೇ ಈ ದಂಡಪಿಂಡಗಳನ್ನ ತೆಗೆದು ಜಾಗ ಮಾಡ್ತಿದೀನಿ."

ಸೂವೆನ್ ಜಗಲಿಯ ಮೇಲೆ ಕುಸಿದಳು. "ಅದು ಗಂಡು ಬಳ್ಳಿ ತಾತ. ಈ ಜಾತೀಲಿ ಗಂಡು ಬೇರೆ, ಹೆಣ್ಣು ಬೇರೆ. ಮೊನ್ನೆ ಎಲೆಗಳ ಪರೀಕ್ಷೆ ಮುಗೀತು. ಈ ಕಣಿವೇಲಿ ಇರೋ ಇಪ್ಪತ್ಮೂರರಲ್ಲಿ ಇಪ್ಪತ್ತೆರಡು ಹೆಣ್ಣು. ಗಂಡು ಅಂತ ಇದ್ದದ್ದು ಅದೊಂದೇ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಯೂಚೆನ್ ಹಣೆ ಚಚ್ಚಿಕೊಂಡಳು. "ಅಯ್ಯೋ ಮುದುಕಪ್ಪ! ಮೂರು ತಲೆಮಾರಿಂದ ಗಂಡಂದಿರನ್ನೆಲ್ಲ ಕುಟ್ಟಿ ಕುಟ್ಟಿ ತೊಟ್ಟಿಗೆ ಹಾಕ್ಕೊಂಡು, ಹೆಣ್ಣುಗಳು ಕಾಯಿ ಬಿಡಲ್ಲ ಅಂತ ಬೈದದ್ದೇ ಬೈದದ್ದು!"

"ನೀನು ಸುಮ್ನಿರೇ," ಎಂದನೇ ಹೊರತು ಮುದುಕನ ದನಿಯಲ್ಲಿ ಜೋರಿರಲಿಲ್ಲ. "ಅದಕ್ಕೇನು, ಆಚೆ ಬೆಟ್ಟದಿಂದ ಒಂದು ಗಂಡು ತಂದು ನೆಟ್ಟರಾಯ್ತಪ್ಪ."

"ಕಾಯಿ ಬಿಡಬಹುದು ತಾತ. ಆದ್ರೆ ಅದು ಬೇರೆ ಕುಲದ್ದು, ಇದರ ಕುಲ ಉಳಿಯಲ್ಲ. ಲೋಕವೆಲ್ಲ ಹೆಪ್ಪುಗಟ್ಟಿದ್ದ ಕಾಲದಲ್ಲಿ ಇವುಗಳ ಬಳಗ ಬೇರೆ ಕಡೆಯೆಲ್ಲ ಸತ್ತುಹೋಯ್ತು. ಈ ಕಣಿವೇಲಿ ಬೆಚ್ಚಗೆ ಅವಿತುಕೊಂಡಿದ್ದವು ಮಾತ್ರ ಉಳಿದವು. ನಾವು ಎಷ್ಟೋ ಬೆಟ್ಟ ಹುಡುಕಿದ್ವಿ, ಇಂಥದ್ದು ಇನ್ನೆಲ್ಲೂ ಸಿಗಲಿಲ್ಲ. ತೋಟದ ಬಳ್ಳಿಗಳೆಲ್ಲ ಒಂದೇ ಅಚ್ಚು. ಒಂದಕ್ಕೆ ರೋಗ ಬಂದ್ರೆ ಸಾಲುಸಾಲೇ ಒಣಗುತ್ತೆ. ಆಗ ಮದ್ದಿಗೆ ಅಂತ ಹೋಗೋದು ಇಂಥ ಹಳೇ ಕುಲದ ಹತ್ರಾನೇ."

ಮುದುಕನಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಅಂಥಾ ಹಿಮವೇ ಏನೂ ಮಾಡಲಾಗದ ಬಳ್ಳಿ ತನ್ನ ಗುದ್ದಲಿಗೆ ಸಿಕ್ಕಿತಲ್ಲ!

"ಅದರ ಕೊಂಬೆ ಏನಾದ್ರೂ ಉಳಿದಿದೆಯಾ?" ಸೂವೆನ್ ಕೇಳಿದಳು. "ಕಣ್ಣಿರೋ ಒಂದು ಗೇಣು ಸಾಕು, ಕಸಿ ಕಟ್ಟಬಹುದು. ಈ ವಾರ ದಾಟಿದ್ರೆ ಬೇರಿಂದ ರಸ ಏರುತ್ತೆ, ಆಮೇಲೆ ಹತ್ತಲ್ಲ."

ಕೊಂಬೆಗಳು ಇದ್ದವು. ಒಣಗದಿರಲೆಂದು ಸೂರಿನಡಿ ಒದ್ದೆ ಮರಳಲ್ಲಿ ಹೂತಿಟ್ಟಿದ್ದ. ಹೆಚ್ಚಿನವನ್ನು ಕುಟ್ಟಿಯಾಗಿತ್ತು. ಉಳಿದ ನಲವತ್ತರಷ್ಟು ತುಂಡುಗಳಲ್ಲಿ ಎಲ್ಲ ಬಳ್ಳಿಗಳದ್ದೂ ಬೆರೆತುಹೋಗಿದ್ದವು. ಪರೀಕ್ಷೆಗೆ ಕಳಿಸಿದರೆ ಹತ್ತು ದಿನವಾದರೂ ಬೇಕು ಎಂದು ಸೂವೆನ್ ಕಣ್ಣೊರೆಸಿಕೊಂಡಳು.

ಪಾವ್‌ಲಿನ್ ಮರಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ತುಂಡು ತೆಗೆದು ತುದಿ ಕೊಯ್ದ. ಒಸರಿದ ಲೋಳೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ, ಬೆರಳು ಬಿಡಿಸಿ ನೋಡಿ ಪಕ್ಕಕ್ಕಿಟ್ಟ. ಮತ್ತೊಂದು. ಮಗದೊಂದು. ಹಳ್ಳದ ಮೇಲಿನ ಬಳ್ಳಿಯ ಲೋಳೆ ನೂಲಿನ ಹಾಗೆ ಎಳೆ ಬಿಡುತ್ತಿತ್ತು, ತೆಳ್ಳನೆಯ ಹಾಳೆ ಎತ್ತುವ ದಿನ ಅದನ್ನೇ ಹುಡುಕಿ ಹಾಕುತ್ತಿದ್ದ. ಇವೆಲ್ಲ ನೀರುನೀರು. ಮೂವತ್ತಾಯಿತು. ಯೂಚೆನ್ ಮಾಡಿಟ್ಟ ಚಹಾ ಆರಿತು. ಮೂವತ್ತಾರನೆಯದರಲ್ಲಿ ಎಳೆ ಬಂತು. ನಲವತ್ತನೆಯದರಲ್ಲಿ ಇನ್ನೊಮ್ಮೆ.

"ಇವೆರಡೇ."

"ಖಾತ್ರಿನಾ ತಾತ?"

"ಡಾಕ್ಟರಮ್ಮ, ನಿನ್ನ ಮಿಷನ್ನಿಗೆ ಹತ್ತು ದಿನ ಬೇಕು. ಈ ಬೆರಳು ಐವತ್ತು ವರ್ಷ ಇದೇ ಲೋಳೇಲಿ ನೆನೆದಿವೆ," ಎಂದರೂ ಎರಡನ್ನೂ ಇನ್ನೊಮ್ಮೆ ತಿಕ್ಕಿ ನೋಡಿದ.

ಆ ದಿನ ತೊಟ್ಟಿಯಿಂದ ಒಂದು ಹಾಳೆಯೂ ಏಳಲಿಲ್ಲ. ಹೊತ್ತು ಮುಳುಗುವುದರೊಳಗೆ ಮೂವರೂ ಸೇರಿ ಹಳ್ಳದ ಬದಿಯ ಎರಡು ಹೆಣ್ಣು ಬಳ್ಳಿಗಳ ಬುಡಕ್ಕೆ ಕಸಿ ಕಟ್ಟಿದರು. ಒಂದು ಏಪ್ರಿಲಿನಲ್ಲೇ ಕಪ್ಪಾಯಿತು. ಇನ್ನೊಂದು ಚಿಗುರಿತು, ಪಕ್ಕದ ಮರ ಹತ್ತಿತು, ಎರಡು ವರ್ಷ ಎಲೆ ಬಿಟ್ಟುಕೊಂಡು ಸುಮ್ಮನಿತ್ತು. ಬೆರಳು ಸುಳ್ಳು ಹೇಳಿತೋ ಏನೋ ಎಂಬ ಹೆದರಿಕೆಯನ್ನು ಮುದುಕ ಹೆಂಡತಿಯ ಹತ್ತಿರವೂ ಆಡಲಿಲ್ಲ. ಮೂರನೆಯ ಮೇ ತಿಂಗಳಲ್ಲಿ ಹೂ ಅರಳಿತು. ಗಂಡು ಹೂವೇ: ನಡುವೆ ಕಾಯಿಯ ಗುರುತಿಲ್ಲ, ಬರೀ ಹಳದಿ ಹುಡಿ! ಪಾವ್‌ಲಿನ್ ಏಣಿ ಹತ್ತಿ ಮೂಸಿ, ಮೂಗೆಲ್ಲ ಹಳದಿ ಮಾಡಿಕೊಂಡು ಇಳಿದ.

ಅಕ್ಟೋಬರಿನಲ್ಲಿ ಹಳ್ಳದ ಬದಿಯ ಹೆಣ್ಣು ಬಳ್ಳಿಗಳಲ್ಲಿ ಕಾಯಿ ತೂಗಾಡಿದವು. ಮೆತ್ತಗಾದ ಮೊದಲ ಹಣ್ಣನ್ನು ಯೂಚೆನ್ ಕಚ್ಚಿದಳು.

"ಹೇಗಿದೆಯೇ?"

ಹುಳಿಗೆ ಅವಳ ಕಣ್ಣೆರಡೂ ಮುಚ್ಚಿಹೋದವು. ಆದರೂ ಉಗುಳಲಿಲ್ಲ, ನುಂಗಲೂ ಇಲ್ಲ. ಗಂಡನ ಕೈ ಹಿಡಿದೆಳೆದು, ಅಂಗೈ ಬಿಡಿಸಿ, ಎಳ್ಳಿಗಿಂತ ಸಣ್ಣ ಕಪ್ಪು ಬೀಜಗಳನ್ನು ನಾಲಗೆಯ ತುದಿಯಿಂದ ಒಂದೊಂದಾಗಿ ಇಳಿಸತೊಡಗಿದಳು.